ಸಿರಸ್ ಮೋಡಕ್ಕೊಂದು ಕನ್ನಡದ ಹೆಸರು

ಆಕಾಶದ ಅತಿ ಎತ್ತರದಲ್ಲಿ, ಬಾಚಿ ಬಿಟ್ಟ ನರೆಗೂದಲಿನಂತೆ ಹರಡಿಕೊಳ್ಳುವ ತೆಳುಮೋಡಗಳಿಗೆ ಹವಾಮಾನ ಶಾಸ್ತ್ರದಲ್ಲಿ 'ಸಿರಸ್' ಎಂದು ಹೆಸರು. ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹವರ್ಡ್ 1802ರ ಉಪನ್ಯಾಸವೊಂದರಲ್ಲಿ ಇದನ್ನು ಬಳಕೆಗೆ ತಂದನು. ಲ್ಯಾಟಿನ್ನಿನಲ್ಲಿ ಈ ಪದಕ್ಕೆ ಗುಂಗುರು ಕೂದಲು ಎಂದು ಅರ್ಥ. (ಸಂಸ್ಕೃತದ 'ಶಿರಸ್' ಕಿವಿಗೆ ಹತ್ತಿರವಾಗಿ ಕೇಳಿಸಿದರೂ ಅಷ್ಟರಿಂದಲೇ ನಂಟು ಕಲ್ಪಿಸಲಾಗದು.) ಅದೇ ವರ್ಷ ಫ್ರಾನ್ಸಿನ ಲಮಾರ್ಕ್ ಮೋಡಗಳಿಗೆ ಫ್ರೆಂಚ್ ಹೆಸರುಗಳನ್ನಿಟ್ಟನಾದರೂ ಅವು ನಿಲ್ಲಲಿಲ್ಲ. ಹವರ್ಡನ ಹೆಸರುಗಳು ನಿಂತುದಕ್ಕೆ ಲ್ಯಾಟಿನ್ನಿನ ಸಾರ್ವತ್ರಿಕತೆ ಒಂದು ಕಾರಣವಾದರೆ, ಕಣ್ಣಿಗೆ ಕಾಣುವ ರೂಪವನ್ನೇ ಅವು ಹೇಳಿದುದು ಇನ್ನೊಂದು.

ಕನ್ನಡದ ಭೂಗೋಳ ಪಠ್ಯಗಳು ಪದರ ಮೋಡ, ರಾಶಿ ಮೋಡ ಎನ್ನುವಾಗ ಈ ಹಾದಿಯನ್ನೇ ಹಿಡಿದಿವೆ. ಸಿರಸ್‌ಗೆ ಬಂದಾಗ ಮಾತ್ರ 'ಹಿಮಕಣ ಮೋಡ' ಎಂದು ದಾರಿ ಬದಲಿಸುತ್ತವೆ. ಈ ಮೋಡಗಳು ಹಿಮದ ಹರಳುಗಳಿಂದಾದುವೆಂಬುದು ನಿಜವೇ. ಆದರೆ ಅದು ಓದಿ ತಿಳಿಯಬೇಕಾದ ಸಂಗತಿ, ನೋಡಿ ಗುರುತಿಸುವ ಲಕ್ಷಣವಲ್ಲ. ಮೇಲಾಗಿ ಹಿಮಕಣ ಸಿರಸ್‌ನ ಸ್ವಂತ ಸೊತ್ತೂ ಅಲ್ಲ. ಗುಡುಗಿನ ಮಳೆ ತರುವ ರಾಶಿವೃಷ್ಟಿ ಮೋಡದ ನೆತ್ತಿಯಲ್ಲಿಯೂ ಅದಿದೆ. ಇತರ ಮೋಡಗಳಿಂದ ಬೇರ್ಪಡಿಸಲಾರದ ಹೆಸರು ಪರಿಭಾಷೆಯಾಗಿ ಸೋತಂತೆಯೇ ಸರಿ.

ಹೊರನಾಡಿನ ಕನ್ನಡಿಗನಿಗೆ ಈ ಕೊರತೆ ಬೇಗ ಕಾಣುತ್ತದೆ. ಮುಂಬಯಿಯ ವಿದ್ಯಾರ್ಥಿ ಮರಾಠಿಯಲ್ಲಿ 'ತಂತುಮೇಘ' ಎಂದು ಓದುತ್ತಾನೆ. ದೆಹಲಿಯವನು ಹಿಂದಿಯ 'ಪಕ್ಷಾಭ ಮೇಘ'ವನ್ನು, ಚೆನ್ನೈಯವನು ತಮಿಳಿನ 'ಕೀಟ್ರು ಮುಗಿಲ್' ಎಂಬುದನ್ನು ಕಲಿಯುತ್ತಾನೆ. ಒಂದು ನೂಲು, ಒಂದು ರೆಕ್ಕೆ, ಒಂದು ಸೀಳು: ಮೂರೂ ನೋಟದಿಂದ ಹುಟ್ಟಿದವು.

ಕನ್ನಡದಲ್ಲಿ ಮೋಡದ ಮಾತುಗಳಿಗೆ ಬರವಿಲ್ಲ. ಆದರೆ ಕವಿಯ ಕಣ್ಣೂ ಒಕ್ಕಲಿಗನ ಕಣ್ಣೂ ಮಳೆ ತರುವ ಮೋಡದ ಮೇಲೆಯೇ ನೆಟ್ಟಿದ್ದವು. ಕಾರ್ಮುಗಿಲು, ಬೆಳ್ಮುಗಿಲು ಎಂಬವು ಬಣ್ಣವನ್ನು ಹೇಳುತ್ತವೆ, ಆಕಾರವನ್ನಲ್ಲ. ನೆಲಕ್ಕೆ ಹನಿ ಮುಟ್ಟಿಸದ ಸಿರಸ್‌ಗೆ ಪ್ರತ್ಯೇಕ ಹೆಸರಿನ ಅಗತ್ಯ ಅಷ್ಟಾಗಿ ತೋರದಿದ್ದುದು ಸಹಜ.

ಹಾಗಾದರೆ ಹೊಸ ಪದ ಯಾವುದು? 'ಎಳೆಮುಗಿಲು' ಎಂಬುದು ಇಂಪಾಗಿದೆ, ಆದರೆ ಎಳೆಬಿಸಿಲು, ಎಳೆಗರು ಎಂಬವುಗಳ ಬಳಕೆಯಿಂದಾಗಿ ಅದು ನೂಲಿನ ಎಳೆಯ ಬದಲು ಎಳೆತನವನ್ನೇ ಸೂಚಿಸೀತು. ಉತ್ತರಾರ್ಧದಲ್ಲಿರುವ 'ಮುಗಿಲು' ಸಹ ನಿಶ್ಚಿತವಲ್ಲ. ಉತ್ತರ ಕರ್ನಾಟಕದ ಮಾತಿನಲ್ಲಿ ಅದು ಆಕಾಶವೇ. ಧಾರಣೆ 'ಮುಗಿಲು ಮುಟ್ಟಿತು' ಎನ್ನುವಾಗ ಯಾರೂ ಮೋಡವನ್ನು ನೆನೆಯುವುದಿಲ್ಲ. ತಮಿಳಿನ ಮುಗಿಲ್ ಮೋಡವಾಗಿಯೇ ಉಳಿದಿರಲು ಕನ್ನಡದ ಮುಗಿಲು ಬಾನಿಗೆ ಹಬ್ಬಿರುವುದು ಅರ್ಥವಿಸ್ತಾರದ ಸೊಗಸಾದ ನಿದರ್ಶನ, ಆದರೆ ಪರಿಭಾಷೆಗೆ ತೊಡಕು.

'ಗರಿಮೋಡ' ಎಂಬುದು ಇವೆಲ್ಲಕ್ಕಿಂತ ಮೇಲು. ಗರಿ ಎಂದರೆ ಹಕ್ಕಿಯ ಗರಿಯೂ ಹೌದು, ತೆಂಗಿನ ಗರಿಯೂ ಹೌದು. ಹಿಂದಿಯ ರೆಕ್ಕೆಯೂ ತಮಿಳಿನ ಸೀಳೂ ಒಂದೇ ಪದದಲ್ಲಿ ಸೇರುತ್ತವೆ. ಸಮಾಸಕ್ಕೂ ಅದು ಒಗ್ಗುತ್ತದೆ: ಸಿರೊಸ್ಟ್ರೇಟಸ್‌ಗೆ ಗರಿಪದರ ಮೋಡ, ಸಿರೊಕ್ಯುಮುಲಸ್‌ಗೆ ಗರಿರಾಶಿ ಮೋಡ. ಸೂರ್ಯಚಂದ್ರರ ಸುತ್ತ ಪರಿವೇಷವನ್ನು ಮೂಡಿಸುವುದು ಈ ಗರಿಪದರವೇ. ಹಿಮಕಣದ ಮಾತನ್ನು ಅಲ್ಲಿ, ವಿವರಣೆಯ ಸಾಲಿನಲ್ಲಿ, ಹೇಳಬಹುದು.