ಗಾಡಿ ನಂಬರ್ ಎಷ್ಟು?

ಕಳೆದ ಚಳಿಗಾಲದಲ್ಲಿ ನಾವು ಮೂವರು ಒಂದು ನದಿ ಕಮರಿಯ ದಾರಿ ನಡೆಯಲೆಂದು ಬೆಳಗಿನ ಮೊದಲ ಬಸ್ಸು ಹಿಡಿದು ಹೋಗಿದ್ದೆವು. ಕೊನೆಯ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಎರಡು ಕಿಲೋಮೀಟರ್ ನಡೆದು ಗೇಟು ತಲುಪಿದಾಗ ಚೀಟಿ ಕೊಡುವಾತ ತಲೆ ಎತ್ತದೆಯೇ ಕೇಳಿದ: "ಗಾಡಿ ನಂಬರ್ ಎಷ್ಟು?"

ಗಾಡಿ ಇಲ್ಲ, ಬಸ್ಸಿನಲ್ಲಿ ಬಂದೆವು ಅಂದೆವು. ಆಗ ತಲೆ ಎತ್ತಿದ. ನಮ್ಮನ್ನು ನೋಡಿದ, ನಮ್ಮ ಹಿಂದಿನ ಖಾಲಿ ರಸ್ತೆಯನ್ನೂ ನೋಡಿದ. "ನಂಬರ್ ಹಾಕದಿದ್ರೆ ಈ ಮಿಷನ್‌ನಲ್ಲಿ ಚೀಟಿ ಬರೋದಿಲ್ಲ ಸಾರ್" ಅಂದ. ಅರ್ಧ ಗಂಟೆ ಕಾದೆವು. ಕಡೆಗೆ ನಮ್ಮ ಹಿಂದೆ ಬಂದ ಕಾರಿನವರೇ ಮರುಕಪಟ್ಟು, "ನಮ್ಮ ನಂಬರ್‌ಗೇ ಇವರನ್ನೂ ಸೇರಿಸಿಬಿಡಿ" ಅಂದರು. ಹಾಗೆ ನಾವು ಒಳಗೆ ನಡೆದುಕೊಂಡೇ ಹೋದೆವು. ದಾಖಲೆಯಲ್ಲಿ ಮಾತ್ರ, ಮುಖ ಪರಿಚಯವೂ ಇಲ್ಲದವರ ಬಿಳಿ ಕಾರಿನಲ್ಲಿ ಕೂತು ಹೋದೆವು.

ಆತನ ಮೇಲೆ ನನಗೆ ಸಿಟ್ಟಿಲ್ಲ. ಆ ಮಿಷನ್ನಿಗೆ ನಿಯಮ ಬರೆದವರ ಮೇಲೆ ಇದೆ. ಕಾಲಿನಲ್ಲಿ ನಡೆಯುವುದಕ್ಕೆಂದೇ ಇರುವ ಜಾಗಕ್ಕೆ ಕಾಲಿನಲ್ಲಿ ಬರುವವನೊಬ್ಬ ಇರಬಹುದು ಎಂಬುದೇ ಅವರಿಗೆ ಹೊಳೆದಿರಲಿಲ್ಲ. ಇದು ಒಂದು ಗೇಟಿನ ಕಥೆಯೂ ಅಲ್ಲ. ಚಾರಣದ ಗೆಳೆಯರ ನಡುವೆ ಯಾವುದಾದರೂ ಹೊಳೆಯ, ಕಂದರದ ಹೆಸರು ತೆಗೆಯಿರಿ. "ಅದಾ? ಅದು ಹಾಳಾಗಿಹೋಯ್ತು. ಈಗ ಅಲ್ಲಿಗೆ ಬಸ್ಸು ಹೋಗುತ್ತೆ" ಎಂದು ಒಬ್ಬರಾದರೂ ಅನ್ನುತ್ತಾರೆ. ನಮ್ಮ ಎಷ್ಟೋ ಕಥೆಗಳಲ್ಲೂ ಊರಿಗೆ ಮೊದಲ ಬಸ್ಸು ಬಂದ ದಿನವೇ ಊರು ಕೆಡಲು ಶುರುವಾಗುತ್ತದೆ. ಓದುವವರಾದ ನಮಗೆ ಈ ಮಾತು ಅಲ್ಲಿಂದಲೂ ಅಂಟಿಕೊಂಡಿರಬಹುದು. ನಾನು ಅದರ ವಿರುದ್ಧ ಬರೆಯುತ್ತಿದ್ದೇನೆ. ನದಿ ಕಮರಿಯನ್ನು ಸರಿಯಾಗಿ ನಡೆಯಬೇಕೆಂದರೆ ಬಸ್ಸೇ ಬೇಕು. ಬಸ್ಸಿನಿಂದ ತಲುಪಲಾಗದ ಕಮರಿ, ಕಾಗದದ ಮೇಲೆ ಯಾರದೇ ಆಗಿರಲಿ, ನಿಜದಲ್ಲಿ ಕೆಲವರದು ಮಾತ್ರ.

ಮೊದಲು ನಡಿಗೆಯ ಮಾತು. ಬೆಟ್ಟ ಹತ್ತುವುದಕ್ಕೂ ಕಮರಿ ನಡೆಯುವುದಕ್ಕೂ ವ್ಯತ್ಯಾಸವಿದೆ. ಬೆಟ್ಟಕ್ಕೆ ಒಂದು ತುದಿಯಿದೆ. ಹತ್ತಿ, ನೋಡಿ, ಅದೇ ದಾರಿಯಲ್ಲಿ ಇಳಿಯುತ್ತೇವೆ. ಕಮರಿಗೆ ತುದಿಯಿಲ್ಲ. ಅದೊಂದು ಉದ್ದನೆಯ ಗೆರೆ. ನೀರು ಒಂದು ಕಡೆ ಒಳಹೊಕ್ಕು ಇನ್ನೊಂದು ಕಡೆ ಹೊರಬರುತ್ತದೆ. ಅದನ್ನು ತಿಳಿಯಬೇಕಾದರೆ ನಾವೂ ಹಾಗೆಯೇ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರಬೇಕು. ಕಾರು ಇದಕ್ಕೆ ಬಿಡುವುದಿಲ್ಲ. ನಿಲ್ಲಿಸಿದ ಕಾರು ಗೂಟಕ್ಕೆ ಕಟ್ಟಿದ ಹಗ್ಗದ ಹಾಗೆ. ಎಷ್ಟು ದೂರ ಹೋದರೂ ಅಷ್ಟೇ ದೂರ ವಾಪಸು ಬರಬೇಕು. ಹಾಗಾಗಿ ಕಾರಿನವರು ಕಮರಿಯನ್ನು ನಡೆಯುವುದಿಲ್ಲ, ಅದರ ಅಂಚಿಗೆ ಬಂದು ನೋಡುತ್ತಾರೆ. ನಾನೂ ಎಷ್ಟೋ ಸಲ ಹಾಗೆ ನೋಡಿ ಬಂದಿದ್ದೇನೆ. ಸಿದ್ದಾಪುರದ ಕಡೆ ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿಗೆ ಗೆಳೆಯನ ಕಾರಿನಲ್ಲಿ ಹೋದೆ. ಕಟಕಟೆ ಹಿಡಿದು ನಿಂತೆ, ಫೋಟೋ ತೆಗೆದೆ, ಕಾರು ನಿಂತಲ್ಲಿಗೆ ಮರಳಿದೆ. ಆ ಹೊಳೆ ಅಲ್ಲಿಂದ ಮುಂದೆ ಏನು ಮಾಡುತ್ತದೆ ಎಂಬುದು ಆ ದಿನ ನನಗೆ ಗೊತ್ತಾಗಲೇ ಇಲ್ಲ.

ಗೋಕಾಕದಲ್ಲಿ ನನಗಾದ ಅನುಭವ ಬೇರೆ. ಊರಿನಿಂದ ಆರೇಳು ಕಿಲೋಮೀಟರ್ ದೂರದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಬೀಳುತ್ತಾಳೆ. ಎಲ್ಲರೂ ನೋಡುವುದು ಅದನ್ನು. ಬಿದ್ದ ಮೇಲೆ ಆಕೆ ಕಲ್ಲಿನ ಗೋಡೆಗಳ ನಡುವೆ ಕಮರಿಯೊಂದರಲ್ಲಿ ಊರಿನ ಕಡೆ ಬರುತ್ತಾಳೆ. ಇದು ನೂರು ಕೋಟಿ ವರ್ಷಕ್ಕಿಂತ ಹಳೆಯ ಮರಳುಗಲ್ಲು. ಪದರದ ಮೇಲೆ ಪದರ, ಅಟ್ಟಿ ಇಟ್ಟ ರೊಟ್ಟಿಯ ಹಾಗೆ. ನಾನು ಗೋಕಾಕದಿಂದ ಬಸ್ಸು ಹತ್ತಿ ಫಾಲ್ಸಿನ ಬಳಿ ಇಳಿದೆ. ದಂಡೆಯ ಹಳೆಯ ಮಹಾಲಿಂಗೇಶ್ವರ ಗುಡಿ, ಸುಮಾರು 200 ಮೀಟರ್ ಉದ್ದದ ತೂಗುಸೇತುವೆ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಹತ್ತಿ ಗಿರಣಿ ಎಲ್ಲ ನೋಡಿ ಮುಗಿಸಿ, ವಾಪಸು ಬಸ್ಸಿಗೆ ಕಾಯದೆ ಕಮರಿಯ ಅಂಚಿನ ದಾರಿ ಹಿಡಿದು ಊರಿನ ಕಡೆ ನಡೆದೆ. ನದಿ ಕೆಳಗೆ, ನಾನು ಮೇಲೆ. ಇಬ್ಬರೂ ಒಂದೇ ದಿಕ್ಕಿಗೆ. ದಾರಿ ತಿರುಗಿದಾಗ ಮರೆಯಾಗುತ್ತಿದ್ದಳು, ಮತ್ತೊಂದು ತಿರುವಿನಲ್ಲಿ ಸಿಗುತ್ತಿದ್ದಳು. ಗೋಡೆಗಳು ತಗ್ಗುತ್ತ ತಗ್ಗುತ್ತ ಹೊಲಗಳು ಕಾಣಿಸಿಕೊಂಡವು, ಊರು ಬಂತು. ನಿಲ್ದಾಣದ ಎದುರು ಕರದಂಟು ಕೊಂಡು ಬಸ್ಸು ಹತ್ತಿದೆ. ಹೊರಟಲ್ಲಿಗೆ ವಾಪಸು ಹೋಗುವ ಅಗತ್ಯ ನನಗಿರಲಿಲ್ಲ. ಎರಡು ನಿಲ್ದಾಣಗಳ ನಡುವಿನ ಈ ಸ್ವಾತಂತ್ರ್ಯ ಸ್ವಂತ ಗಾಡಿ ಇದ್ದವರಿಗೆ ಸಿಗುವುದಿಲ್ಲ.

ಇನ್ನು ಯಾರದು ಎಂಬ ಪ್ರಶ್ನೆ. ಫಾಲ್ಸಿಗೆ ಹೋಗುವ ಆ ಬಸ್ಸಿನಲ್ಲಿ ನನ್ನ ಮುಂದಿನ ಸೀಟುಗಳಲ್ಲಿ ನಾಲ್ಕು ಮಂದಿ ನಡುವಯಸ್ಸಿನ ಹೆಂಗಸರಿದ್ದರು. ಸೆರಗಿನ ತುದಿಯಲ್ಲಿ ರೊಟ್ಟಿಯ ಗಂಟು. ಅವರಲ್ಲೊಬ್ಬಾಕೆ ಪಕ್ಕದ ತಾಲ್ಲೂಕಿನಲ್ಲಿ ಹುಟ್ಟಿ ಅಲ್ಲಿಗೇ ಸೊಸೆಯಾಗಿ ಹೋದವಳು. "ಹೊಳಿ ತುಂಬಿದ್ದು ನೋಡೇ ಇಲ್ಲ ನಾ. ಗಂಡಸರು ಹೋಗಿ ಬಂದು ಹೇಳತಿದ್ರು" ಅಂದಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ರಾಜ್ಯದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಆ ಬಗ್ಗೆ ಎಷ್ಟು ನಗೆಚಾಟಿಕೆ ಓಡಾಡಿತು ಎಂಬುದು ಎಲ್ಲರಿಗೂ ಗೊತ್ತು: ಹೆಂಗಸರೆಲ್ಲ ಸುಮ್ಮನೆ ತಿರುಗುತ್ತಿದ್ದಾರಂತೆ! ಸುಮ್ಮನೆ ತಿರುಗುವುದಕ್ಕೆ ನಾವು ಇಟ್ಟುಕೊಂಡಿರುವ ಮರ್ಯಾದೆಯ ಹೆಸರೇ ಚಾರಣ. ಎರಡು ಸಾವಿರ ರೂಪಾಯಿಯ ಬೂಟು ಹಾಕಿಕೊಂಡು ತಿರುಗಿದರೆ ಹವ್ಯಾಸ, ಹವಾಯಿ ಚಪ್ಪಲಿಯಲ್ಲಿ ತಿರುಗಿದರೆ ಗದ್ದಲ. ಇದು ಯಾವ ನ್ಯಾಯ?

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು ಜನಜಂಗುಳಿ. 2024ರ ಜನವರಿಯ ಕೊನೆಗೆ, ಗಣರಾಜ್ಯೋತ್ಸವದ ರಜೆಯಲ್ಲಿ, ಕುಮಾರ ಪರ್ವತದ ದಾರಿಯಲ್ಲಿ ನಿಂತ ಜನರ ಸಾಲನ್ನು ನಾವೆಲ್ಲ ನೋಡಿದ್ದೇವೆ. ಆ ಬಳಿಕ ಸರ್ಕಾರ ಚಾರಣಕ್ಕೆ ಮೊದಲೇ ಹೆಸರು ನೋಂದಾಯಿಸುವ ಕ್ರಮವನ್ನು ಬಿಗಿ ಮಾಡಿತು. ಕಾಡಿನ ದಾರಿಗೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬೇಕು, ನನ್ನ ತಕರಾರಿಲ್ಲ. ಆದರೆ ಮಿತಿ ತಲೆ ಎಣಿಸಿ ಹಾಕಬೇಕು, ಚಕ್ರ ಎಣಿಸಿ ಅಲ್ಲ. ಐವತ್ತು ಜನ ಒಂದು ಬಸ್ಸಿನಲ್ಲಿ ಬಂದರೆ ಒಂದು ಬಸ್ಸು ತಿರುಗುವಷ್ಟು ಜಾಗ ಸಾಕು. ಅದೇ ಐವತ್ತು ಜನ ನಾಲ್ವರಂತೆ ಕಾರಿನಲ್ಲಿ ಬಂದರೆ ಹದಿಮೂರು ಕಾರು. ಅವು ನಿಲ್ಲಲು ನದಿದಂಡೆಯ ಮರ ಕಡಿಯಬೇಕು, ನೆಲ ಮಟ್ಟ ಮಾಡಬೇಕು. ಕಮರಿಯ ಅಂಚನ್ನು ಹಾಳುಮಾಡಿದ್ದು ಬಸ್ಸೋ ಪಾರ್ಕಿಂಗೋ, ಮುಂದಿನ ಸಲ ಹೋದಾಗ ನೀವೇ ಅಳೆದು ನೋಡಿ.

ಎರಡನೆಯದು ಅಪಾಯ. ಇದು ನಿಜವಾದ ಮಾತು. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದಿಂದ ಕೆಳಗೆ, ಇಡೀ ನದಿ ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗುವ ಮೇಕೆದಾಟಿನಲ್ಲಿ, ಜಾರಿ ಸತ್ತವರಿದ್ದಾರೆ. ನೀರು ಕೊರೆದ ಆ ಬಂಡೆಗಳು ನುಣುಪು, ಸುಳಿಗಳು ಆಳ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ನದಿ ಎಲ್ಲೇ ಆದರೂ ಬೇಗ ಏರುತ್ತದೆ. ಆದರೆ ಸಾವು ಬಸ್ಸಿನವರನ್ನು ಆರಿಸಿ ಹಿಡಿಯುವುದಿಲ್ಲ. ಬೇಕಾದದ್ದು ಎಚ್ಚರಿಕೆಯ ಫಲಕ, ಕಾವಲಿನವರು, ಮಳೆಗಾಲದಲ್ಲಿ ಕೆಳಗಿಳಿಯದ ವಿವೇಕ. ಅಂದ ಹಾಗೆ ಮೇಕೆದಾಟಿನಲ್ಲೇ ನಾನು ಒಂದು ಒಳ್ಳೆಯ ವ್ಯವಸ್ಥೆಯನ್ನೂ ಕಂಡೆ. ನಾನು ಹೋದಾಗ ಎಲ್ಲರೂ ಸಂಗಮದಲ್ಲಿ ತಮ್ಮ ಗಾಡಿ ಬಿಟ್ಟು, ಅರ್ಕಾವತಿ ದಾಟಿ, ಆಚೆ ದಡದಲ್ಲಿ ನಿಂತ ಒಂದು ಮುದಿ ಬಸ್ಸು ಹತ್ತಬೇಕಿತ್ತು. ಕಾರಿನಲ್ಲಿ ಬಂದವರೂ ಕನಕಪುರದಿಂದ ಬಸ್ಸಿನಲ್ಲಿ ಬಂದವರೂ ಒಂದೇ ಸೀಟಿನಲ್ಲಿ ಕುಲುಕಾಡುತ್ತ ಹೋದೆವು. ನದಿಯೇ ಮಾಡಿದ ನಿಯಮವದು. ಅದನ್ನು ಬೇರೆ ಕಡೆ ನಾವು ಯಾಕೆ ಮಾಡಬಾರದು?

ಮೂರನೆಯ ಆಕ್ಷೇಪ ನನಗೇ ಕಷ್ಟ ಕೊಡುವಂಥದ್ದು: ಬಸ್ಸೇ ಇಲ್ಲವಲ್ಲ? ಬೆಳಿಗ್ಗೆ ಒಂದು, ಸಂಜೆ ಒಂದು. ಅದೂ ಕೆಲವೊಮ್ಮೆ ಬರುವುದಿಲ್ಲ. ಕೊನೆಯ ಬಸ್ಸು ತಪ್ಪಿ, ಹಾಲಿನ ವಾಹನದ ಹಿಂದೆ ಕ್ಯಾನುಗಳ ನಡುವೆ ಕೂತು ರಾತ್ರಿ ಊರು ಸೇರಿದ್ದು ನನಗೂ ನೆನಪಿದೆ. ಹುಡುಗಿಯೊಬ್ಬಳೇ ಆಗಿದ್ದರೆ ಅದನ್ನು ಹೀಗೆ ತಮಾಷೆಯಾಗಿ ಬರೆಯಲು ಆಗುತ್ತಿರಲಿಲ್ಲ. ಆದರೆ ಬಸ್ಸು ಸಾಲದು ಎಂಬುದು ಬಸ್ಸನ್ನು ಕೇಳಲು ಕಾರಣವಾಗಬೇಕೇ ಹೊರತು ಪಾರ್ಕಿಂಗ್ ಕಟ್ಟಲು ಅಲ್ಲ. ಆ ಸಂಜೆಯ ಬಸ್ಸು ಚಾರಣಿಗರಿಗೆ ಮಾತ್ರ ಬೇಕಾದದ್ದೂ ಅಲ್ಲ. ಕಮರಿಯ ಅಂಚಿನ ಹಳ್ಳಿಯಿಂದ ಪೇಟೆಯ ಕಾಲೇಜಿಗೆ ಹೋದವಳು ಅದರಲ್ಲೇ ಮನೆಗೆ ಬರಬೇಕು. ನಮ್ಮ ಹವ್ಯಾಸದ ಟಿಕೆಟ್ಟು ಅವಳ ಬಸ್ಸನ್ನು ಉಳಿಸುವುದಾದರೆ, ನಮ್ಮ ತಿರುಗಾಟದಿಂದ ಆ ಊರಿಗೆ ಆಗುವ ಉಪಕಾರ ಅದೊಂದೇ ಇರಬಹುದು.

ಹಾಗಾಗಿ ನಾನು ಕೇಳುವುದು ದೊಡ್ಡದೇನೂ ಅಲ್ಲ. ನದಿ ದಾರಿಯ ನಕಾಶೆ ಪಾರ್ಕಿಂಗಿನಿಂದಲ್ಲ, ಬಸ್ ನಿಲ್ದಾಣದಿಂದ ಶುರುವಾಗಲಿ. ಗೇಟಿನಲ್ಲಿ ಕೊನೆಯ ಬಸ್ಸಿನ ಹೊತ್ತು ದಪ್ಪ ಅಕ್ಷರದಲ್ಲಿ ಬರೆದಿರಲಿ. ಗೇಟು ಮುಚ್ಚುವ ಹೊತ್ತಿಗೂ ಆ ಬಸ್ಸಿಗೂ ಹೊಂದಾಣಿಕೆ ಇರಲಿ. ಒಂದು ತುದಿಯಲ್ಲಿ ಹೊಕ್ಕವರು ಇನ್ನೊಂದು ತುದಿಯಲ್ಲಿ ಹೊರಬರಲು ಅವಕಾಶವಿರಲಿ. ಓದುಗರಾದ ನಾವೂ ಒಂದು ಮಾಡಬಹುದು: ಪ್ರವಾಸ ಕಥನ ಬರೆಯುವಾಗ "ಸ್ವಂತ ವಾಹನವಿದ್ದರೆ ಒಳ್ಳೆಯದು" ಎಂಬ ಸಾಲನ್ನು ಬಿಟ್ಟು, ಯಾವ ಊರಿನಿಂದ ಎಷ್ಟು ಗಂಟೆಗೆ ಬಸ್ಸಿದೆ ಎಂದು ಬರೆಯುವುದು.

ಆ ಚಳಿಗಾಲದ ದಿನ ಕಮರಿಯಿಂದ ಹೊರಬಂದಾಗ ಗೇಟಿನಾತ ತನ್ನ ಚೀಲ ಹೆಗಲಿಗೇರಿಸಿ ಬಾಗಿಲು ಹಾಕುತ್ತಿದ್ದ. ನಮ್ಮ ಜೊತೆಯಲ್ಲೇ ನಿಲ್ದಾಣದವರೆಗೆ ನಡೆದ. ಐದೂಕಾಲರ ಬಸ್ಸಿಗೆ ಅವನೂ ಕಾಯುವವನೇ. "ನಿಮ್ಮ ಗಾಡಿ ನಂಬರ್ ಎಷ್ಟು?" ಎಂದು ನನ್ನ ಗೆಳತಿ ಕೇಳಿದಳು. ಆತ ನಕ್ಕ. ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ನಾಲ್ವರಿಗೂ ಸೀಟು ಸಿಕ್ಕಿತು.