ಮೈಸೂರಿಗೆ ಇಪ್ಪತ್ತೈದು ಅಂತಸ್ತು ಏತಕ್ಕೆ?

ಈಚೆಗೆ ಭಕ್ತರೊಬ್ಬರು ಸುರುಳಿ ಸುತ್ತಿದ ನಕ್ಷೆಯೊಂದನ್ನು ತಂದು ನಮ್ಮ ಮುಂದೆ ಹರಡಿದರು. ಮೈಸೂರಿನ ಹೊರವರ್ತುಲ ರಸ್ತೆಯ ಬದಿಯಲ್ಲಿರುವ ಮಠದ ಒಂದು ಎಕರೆ ಜಮೀನಿನಲ್ಲಿ ಇಪ್ಪತ್ತೈದು ಅಂತಸ್ತಿನ ಗಗನಚುಂಬಿ ಕಟ್ಟಡವೇಳಬೇಕೆಂಬುದು ಅವರ ಅಪೇಕ್ಷೆ. ಕೆಳಗೆ ಅಂಗಡಿಗಳು, ನಡುವೆ ಕಚೇರಿಗಳು, ಮೇಲೆ ವಾಸದ ಮನೆಗಳು; ಎಲ್ಲಕ್ಕೂ ಮೇಲೆ, ನಮ್ಮನ್ನು ಒಲಿಸಿಕೊಳ್ಳುವ ಸಲುವಾಗಿಯೋ ಏನೋ, ಒಂದು ಪ್ರಾರ್ಥನಾ ಮಂದಿರ. "ಬುದ್ಧೀ, 2023ರಲ್ಲಿ ಬೆಂಗಳೂರಿನ ಹೆದ್ದಾರಿ ಬಂದಾಯಿತು. ಮೈಸೂರು ಇನ್ನೂ ಪಿಂಚಣಿದಾರರ ಊರಾಗಿಯೇ ಇರಲಾದೀತೆ? ಅಂಗಡಿ, ಕಚೇರಿ, ಮನೆ ಒಂದೇ ಸೂರಿನಡಿ ಇರುವುದು ಹೊಸ ಕಾಲದ ಪದ್ಧತಿ" ಎಂದರು. ಅವರ ಉದ್ದೇಶ ಕೆಟ್ಟದ್ದೆಂದು ನಾವು ಹೇಳೆವು. ಆದರೆ ಅವರ ಮಾತಿಗೆ ತಲೆಯಾಡಿಸಿದವರು ಮಠದ ಟ್ರಸ್ಟಿನಲ್ಲಿಯೂ ಅನೇಕರಿರುವುದರಿಂದ ನಮ್ಮ ಅಭಿಪ್ರಾಯವನ್ನು ಬಹಿರಂಗವಾಗಿಯೇ ನಿವೇದಿಸಬೇಕಾಗಿದೆ.

ಮೊದಲನೆಯದಾಗಿ, ಇದು ಹೊಸ ಕಾಲದ ಪದ್ಧತಿಯೆಂಬುದೇ ತಪ್ಪು. ಶಿವರಾಂಪೇಟೆಯಲ್ಲಿಯೋ ಸಂತೇಪೇಟೆಯಲ್ಲಿಯೋ ಒಮ್ಮೆ ನಡೆದುಬರಲಿ. ಕೆಳಗೆ ಅಂಗಡಿ, ಹಿಂದೆ ಉಗ್ರಾಣ, ಮೇಲೆ ಸಂಸಾರ. ನಮ್ಮ ಪೇಟೆಯ ವರ್ತಕನು ಬದುಕಿದ್ದೇ ಹೀಗೆ. ಕಾಯಕಸ್ಥಾನಕ್ಕೂ ಅಡುಗೆಮನೆಗೂ ಹನ್ನೆರಡು ಮೆಟ್ಟಿಲು ಮಾತ್ರ. ಅಂಗಡಿಯ ಮುಂದೆ ಹೂವಿನವಳಿಗೆ ಒಂದು ಮೂಲೆ, ದಾರಿಹೋಕನಿಗೆ ನೆರಳು. ಇದನ್ನೇ ಕೆಡವಿ, ಬೀದಿಯಿಂದ ಕಿತ್ತು, ಆಕಾಶಕ್ಕೆ ನಿಲ್ಲಿಸಿ, ನಮಗೆ ಹೊಸತೆಂದು ಮಾರುವುದು ವಿನೋದವೇ ಸರಿ!

ಎತ್ತರಿಸಿದರೆ ಹೆಚ್ಚು ಜನಕ್ಕೆ ಸ್ಥಳವಾಗುವುದೆಂಬುದು ಎರಡನೆಯ ಭ್ರಮೆ. ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಾಲು ಕಟ್ಟಬಹುದೆಂಬುದಕ್ಕೆ ಒಂದು ಮಿತಿಯುಂಟು. ಅದು ರಸ್ತೆಯ ಅಗಲವನ್ನೂ ನಿವೇಶನದ ಅಳತೆಯನ್ನೂ ಅನುಸರಿಸುತ್ತದೆಯೇ ವಿನಾ ಅಂತಸ್ತು ಹೆಚ್ಚಿದ ಮಾತ್ರಕ್ಕೆ ಹಿಗ್ಗುವುದಿಲ್ಲ. ಆ ಮಿತಿ ಎರಡೂವರೆ ಪಾಲು ಎಂದಿಟ್ಟುಕೊಳ್ಳೋಣ. ನಲವತ್ತು ಗುಂಟೆಯ ಎಕರೆಯಲ್ಲಿ ಇಪ್ಪತ್ತು ಗುಂಟೆಯ ಮೇಲೆ ಐದು ಅಂತಸ್ತು ಕಟ್ಟಿದರೆ ನೂರು ಗುಂಟೆ. ನಾಲ್ಕೇ ಗುಂಟೆಯ ಮೇಲೆ ಇಪ್ಪತ್ತೈದು ಅಂತಸ್ತು ಕಟ್ಟಿದರೂ ಅದೇ ನೂರು ಗುಂಟೆ. ಒಂದು ಕೋಣೆಯೂ ಹೆಚ್ಚಲಿಲ್ಲ! ಸುತ್ತ ತೆರವು ಉಳಿಯುವುದಲ್ಲವೇ ಎಂದು ಕೇಳುವವರು, ಆ ತೆರವಿನಲ್ಲಿ ಮರ ನಿಲ್ಲುವುದೋ ಕಾರು ನಿಲ್ಲುವುದೋ ನೋಡಿ ಬರಲಿ. ಹೆಚ್ಚುವುದು ಲಿಫ್ಟಿನ ಖರ್ಚು, ನೀರೆತ್ತುವ ಖರ್ಚು, ಗಾಳಿಯ ಒತ್ತಡಕ್ಕೆ ಅಲುಗದಂತೆ ಹಾಕುವ ಕಬ್ಬಿಣದ ಖರ್ಚು. ಆ ಬೆಲೆಗೆ ಮನೆ ಕೊಳ್ಳುವವನು ಉಪಾಧ್ಯಾಯನಲ್ಲ, ನೇಕಾರನಲ್ಲ. ಅಲ್ಲಿ ಮಾರಾಟವಾಗುವ ಅಂತಸ್ತೇ ಬೇರೆ.

ಇನ್ನು ಪಾಲನೆಯ ಮಾತು. ಇದೇ ನಮ್ಮ ಮುಖ್ಯ ಆಕ್ಷೇಪಣೆ. ನಾವು ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಹಳೆಯ ಪುಸ್ತಕಗಳಿಗಾಗಿ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಹೋಗುತ್ತಿದ್ದೆವು. ಜೇಬಿನಲ್ಲಿದ್ದುದೆಲ್ಲವೂ ಅಲ್ಲಿಯೇ ಖಾಲಿಯಾಗಿ ನಡೆದುಕೊಂಡು ಹಿಂತಿರುಗಿದ ದಿನಗಳೂ ಉಂಟು. 1892ರ ಆ ಕಟ್ಟಡಕ್ಕೆ ಇದ್ದುದು ಎರಡೇ ಅಂತಸ್ತು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿಯಿತು, ಪ್ರಾಣಹಾನಿಯೂ ಆಯಿತು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗವುರುಳಿತು. ಹಳೆಯದು ಬೀಳುವುದು ಸಹಜ, ಆದುದರಿಂದ ಹೊಸತನ್ನು ಎತ್ತರವಾಗಿ ಕಟ್ಟೋಣ ಎಂಬುದು ಇವರ ತರ್ಕ. ಗಾರೆಯ ಬಿರುಕಿನಲ್ಲಿ ಅರಳಿಯ ಸಸಿ ಬೇರುಬಿಡುತ್ತಿದ್ದರೂ ಕೀಳುವವರಿಲ್ಲದೆ, ಸೂರು ಸೋರುತ್ತಿದ್ದರೂ ಕೇಳುವವರಿಲ್ಲದೆ ಬಿದ್ದುದನ್ನು ಸಹಜವೆನ್ನಬಹುದೆ? ಎರಡು ಅಂತಸ್ತಿನ ಸೂರನ್ನು ಕಾಪಾಡಲಾಗದ ನಾವು ಇಪ್ಪತ್ತೈದು ಅಂತಸ್ತಿನ ಲಿಫ್ಟು, ಪಂಪು, ಬೆಂಕಿ ನಂದಿಸುವ ಕೊಳವೆಗಳನ್ನು ಐವತ್ತು ವರ್ಷ ಕಾಪಾಡುವೆವೆಂದು ಯಾರಿಗೆ ವಚನ ಕೊಡೋಣ? ಸೋರುವ ಮಾಡಿನ ಕೆಳಗೆ ಪಾತ್ರೆಯಿಟ್ಟು ಮಳೆಗಾಲ ಕಳೆಯಬಹುದು. ಕೆಟ್ಟ ಲಿಫ್ಟಿನ ಮುಂದೆ ನಿಂತ ಎಪ್ಪತ್ತರ ಅಜ್ಜಿ ಇಪ್ಪತ್ತನೆಯ ಅಂತಸ್ತಿಗೆ ಏನನ್ನು ಹಿಡಿದು ಹತ್ತಬೇಕು?

2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಒಂಬತ್ತು ಮಂದಿ ಅಸುನೀಗಿದರು. ಹೊಗೆ ತಾಳಲಾರದೆ ಕಿಟಕಿಯಿಂದ ಧುಮುಕಿದವರುಂಟು. ಅದು ಇಪ್ಪತ್ತೈದು ಅಂತಸ್ತಿನದಲ್ಲ, ಏಳು ಅಂತಸ್ತಿನದು.

ಅರಮನೆಯ ಗೋಪುರ 145 ಅಡಿ, ಸಂತ ಫಿಲೋಮಿನಾ ಚರ್ಚಿನ ಶಿಖರಗಳು 175 ಅಡಿ, ಅವುಗಳನ್ನು ಮೀರಿ ಏನೂ ಏಳಕೂಡದೆಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಸತ್ಯವಿದ್ದರೂ ನಾವು ಅದನ್ನು ಮುಂದಿಡುವುದಿಲ್ಲ. ಪ್ರವಾಸಿಯ ಕಣ್ಣಿಗೆ ಚಾಮುಂಡಿಬೆಟ್ಟ ಮರೆಯಾಗುವುದಕ್ಕಿಂತ ಊರಿನವನಿಗೆ ಊರೇ ಮರೆಯಾಗುವುದು ದೊಡ್ಡ ನಷ್ಟ.

ಉತ್ತರ ಕೊಡಲೇಬೇಕಾದ ಪ್ರಶ್ನೆಯೊಂದಿದೆ. ಎತ್ತರ ಬೇಡವೆಂದರೆ ಊರು ಅಗಲವಾಗುತ್ತದೆ; ಇಲವಾಲ, ಬೋಗಾದಿ, ವರುಣಗಳ ಕಡೆ ರಾಗಿಯ ಹೊಲಗಳು ಬಡಾವಣೆಗಳಾಗುತ್ತಿವೆ; ಇದು ನಿಮಗೆ ಸಮ್ಮತವೇ? ಖಂಡಿತ ಸಮ್ಮತವಲ್ಲ. ಆದರೆ ಎತ್ತರದಿಂದ ಅಗಲ ನಿಂತ ಊರು ಯಾವುದು? ಬೆಂಗಳೂರಿನ ಮಹಾತ್ಮಗಾಂಧಿ ರಸ್ತೆಯಲ್ಲಿ ಇಪ್ಪತ್ತೈದು ಅಂತಸ್ತಿನ ಯುಟಿಲಿಟಿ ಕಟ್ಟಡ ಎದ್ದುದು 1970ರ ದಶಕದಲ್ಲಿ. ಅಂದಿನಿಂದ ಆ ನಗರ ಮೇಲಕ್ಕೂ ಬೆಳೆಯಿತು, ನಾಲ್ಕು ದಿಕ್ಕಿಗೂ ಹರಿಯಿತು, ಕೆರೆಗಳನ್ನೂ ನುಂಗಿತು. ಪ್ಲೇಗಿನ ಹಾವಳಿಯ ತರುವಾಯ 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂದಾಗ ಆ ಹಿರಿಯರು ಮೊದಲು ಯೋಚಿಸಿದ್ದು ಗಾಳಿ, ಬೆಳಕು, ಚರಂಡಿಗಳನ್ನು. ಅಗಲವನ್ನು ತಡೆಯಬೇಕಾದರೆ ಊರಿನೊಳಗೆ ಖಾಲಿ ಬಿದ್ದಿರುವ ನಿವೇಶನಗಳಲ್ಲಿ ನಾಲ್ಕೈದು ಅಂತಸ್ತಿನ ಮನೆಗಳೇಳಲಿ. ಲಾಭಕ್ಕಾಗಿ ನಿವೇಶನವನ್ನು ಬೀಳುಬಿಟ್ಟು ಕಾಯುವ ನಮ್ಮ ಭಕ್ತರೇ ಮೊದಲು ಕಟ್ಟಲಿ.

ಮಠಗಳೂ ಈ ಮೋಹಕ್ಕೆ ಹೊರತಲ್ಲವೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇವೆ. ಬಾಡಿಗೆ ಬಂದರೆ ದಾಸೋಹ ನಡೆಯುವುದೆಂಬ ಮಾತನ್ನು ನಾವೂ ಹಿಂದೆ ಆಡಿದ್ದುಂಟು. ಆದರೆ ದಾನಿಗಳು ಆ ಎಕರೆಯನ್ನು ಕೊಟ್ಟದ್ದು ಬಾಡಿಗೆಗಲ್ಲ, ಹಳ್ಳಿಯಿಂದ ಓದಲು ಬರುವ ಮಕ್ಕಳ ನೆಲೆಗೆ. ಗಗನಚುಂಬಿಯ ನಕ್ಷೆಯಲ್ಲಿ ಈಜುಕೊಳವಿತ್ತು. ಆ ಮಕ್ಕಳ ಕೋಣೆ ನಮಗೆ ಎಲ್ಲಿಯೂ ಕಾಣಲಿಲ್ಲ.

ನಕ್ಷೆಯನ್ನು ಹಿಂದಿರುಗಿಸಿದ್ದೇವೆ. ಅದರ ಬೆನ್ನಿಗೆ ನಮ್ಮ ಬೇಡಿಕೆಯನ್ನೂ ಬರೆದಿದ್ದೇವೆ: ಐದು ಅಂತಸ್ತು ಮೀರಬಾರದು; ಬೀದಿಗೆ ಮುಖಮಾಡಿದ ಸಣ್ಣ ಅಂಗಡಿಗಳಿರಬೇಕು; ಎರಡು ಅಂತಸ್ತು ವಿದ್ಯಾರ್ಥಿನಿಲಯಕ್ಕೆ, ಉಳಿದದ್ದು ಕಡಿಮೆ ಬಾಡಿಗೆಯ ಮನೆಗಳಿಗೆ; ಪ್ರತಿ ತಿಂಗಳ ಬಾಡಿಗೆಯಿಂದ ಒಂದು ಪಾಲು ಕಟ್ಟಡದ ದುರಸ್ತಿಗೆಂದೇ ಬೇರೆ ಖಾತೆಗೆ ಸೇರಬೇಕು. ಟ್ರಸ್ಟಿನ ಸಭೆ ಕಾರ್ತಿಕ ಮಾಸದಲ್ಲಿ ಸೇರಲಿದೆ. ಭಿನ್ನಾಭಿಪ್ರಾಯವುಳ್ಳ ಭಕ್ತರು ಅದಕ್ಕೆ ಮುಂಚೆ ಬರೆದು ಕಳುಹಿಸಿದರೆ ಇದೇ ಪತ್ರಿಕೆಯಲ್ಲಿ, ಒಂದಕ್ಷರವನ್ನೂ ಬಿಡದೆ, ಪ್ರಕಟಿಸಲಾಗುವುದು.