ಮೈಸೂರಿನ ಅರಸರಿಗೆ ಅರ್ಪಿತವಾದ ರಷ್ಯದ ನಾದ

ತೆಲುಗು, ಉರ್ದುಗಳಿಗೆ ಕಿವಿಗೊಟ್ಟರೆ ಕನ್ನಡ ಕೆಟ್ಟೀತೆಂದು ಹೈದರಾಬಾದಿನ ನಮ್ಮವರಲ್ಲಿ ಕೆಲವರು ಅಂಜುವರು. ನಾವು ಅದನ್ನು ಒಪ್ಪಲಾರೆವು. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋ ಬಲ್ಲವರು. ರಷ್ಯದ ನಿಕೊಲಾಯ್ ಮೆಟ್ನರರ ಸಂಗೀತಕ್ಕೆ ಮನಸೋತವರು. 1921ರಲ್ಲಿ ತಾಯ್ನಾಡನ್ನು ತೊರೆದ ಮೆಟ್ನರರು, ಯುದ್ಧಕಾಲದ ಇಂಗ್ಲೆಂಡಿನಲ್ಲಿ, ಹೃದ್ರೋಗದ ನಡುವೆಯೂ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು, ಎಂದರೆ ದೊಡ್ಡ ವಾದ್ಯವೃಂದದೊಡನೆ ಪಿಯಾನೋ ನುಡಿಸುವ ಕೃತಿಯನ್ನು, ಮುಗಿಸಿ 1944ರಲ್ಲಿ ಲಂಡನ್ನಿನಲ್ಲಿ ತಾವೇ ನುಡಿಸಿದರು. ಅದನ್ನು ಅರ್ಪಿಸಿರುವುದು ನಮ್ಮ ಒಡೆಯರಿಗೆ! ಅವರ ಧನಸಹಾಯದಿಂದ 1947ರಲ್ಲಿ ಆ ಕೃತಿ ಗ್ರಾಮಫೋನ್ ತಟ್ಟೆಗಳಿಗೇರಿತು. 1951ರಲ್ಲಿ ಮೆಟ್ನರರು ತೀರಿಕೊಂಡರೂ ಅವರ ಬೆರಳ ನಾದ ಉಳಿದಿದೆ. ಹಣ ಕೊಟ್ಟುದನ್ನು ಎಲ್ಲರೂ ಹೊಗಳುವರು; ಕೇಳಿದುದೇ ದೊಡ್ಡದೆಂದು ನಮ್ಮ ಅಭಿಪ್ರಾಯ. ಹಾಗೆ ಕೇಳಿದುದರಿಂದ ಒಡೆಯರ ಕರ್ನಾಟಕ ಸಂಗೀತವೇನೂ ಬಡವಾಗಲಿಲ್ಲ: ‘ಶ್ರೀವಿದ್ಯಾ’ ಅಂಕಿತದಲ್ಲಿ ಅವರು 90ಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು.